ಪವರ್ ಮಿಷನ್ ಮೋಟರ್ ಗುಂಯ್ ಅಂತದೆ, ತಿರುಗ್ತಾ ಇಲ್ಲ, ವೈಂಡಿಂಗ್ ಹೋಗಿದ್ಯಾ?

ನಾಪೋಕ್ಲು ಹೊಲಿಗೆ:
ಎಲ್ಲರಿಗೂ ನಮಸ್ಕಾರ. ನಂದು ನಾಪೋಕ್ಲು ಹತ್ರ ಮನೆಯಲ್ಲೇ ಹೊಲಿಗೆ ಕೆಲಸ, ಬ್ಲೌಸು, ಸ್ಕೂಲ್ ಯೂನಿಫಾರ್ಮು, ಸೀರೆಗೆ ಫಾಲ್ಸು ಎಲ್ಲ ಮಾಡ್ತೇನೆ. ಒಂದು ಪವರ್ ಮಿಷನ್ ಉಂಟು, ಜೂಕಿ ಮಾಡೆಲ್ ಸಿಂಗಲ್ ನೀಡಲ್, ಟೇಬಲ್ ಕೆಳಗೆ ಫಿಟ್ ಮಾಡಿರೋದು ಹಳೇ ಕ್ಲಚ್ ಮೋಟರ್, ಪ್ಲೇಟಲ್ಲಿ ಅರ್ಧ ಎಚ್‌ಪಿ 230 ವೋಲ್ಟ್ 1440 ಆರ್‌ಪಿಎಂ ಅಂತ ಬರ್ದಿದೆ. ಬೇಸಿಗೆಯಲ್ಲಿ ಒಂದು ತೊಂದ್ರೆ ಇರ್ಲಿಲ್ಲ. ಈಗ ಮಳೆ ಹಿಡ್ಕೊಂಡ ಮೇಲೆ ಬೆಳಿಗ್ಗೆ ಸ್ವಿಚ್ ಹಾಕಿದ್ರೆ ಗುಂಯ್ ಅಂತ ಸೌಂಡ್ ಬರ್ತದೆ ಆದ್ರೆ ತಿರುಗೋದಿಲ್ಲ, ಪೆಡಲ್ ಒತ್ತಲಿ ಬಿಡಲಿ ಅಷ್ಟೇ. ಕೈಯಲ್ಲಿ ಬೆಲ್ಟ್ ಎಳೆದು ಕೊಟ್ರೆ ಕೆಲವು ಸಲ ನಿಧಾನಕ್ಕೆ ಎದ್ದು ಆಮೇಲೆ ಸರಿ ಓಡ್ತದೆ, ಮಧ್ಯಾಹ್ನ ಆದ್ರೆ ತಾನೇ ಎದ್ದೇಳ್ತದೆ, ಮತ್ತೆ ಸಂಜೆ ಲೈಟ್ ಹಾಕೋ ಹೊತ್ತಿಗೆ ಅದೇ ಕಥೆ. ನಿನ್ನೆ ಸ್ವಲ್ಪ ಬಿಸಿ ವಾರ್ನಿಷ್ ಥರ ವಾಸನೆ ಕೂಡ ಬಂತು ಅದಕ್ಕೆ ಹೆದರಿ ಆಫ್ ಮಾಡಿ ಇಟ್ಟಿದೇನೆ.

ಇಲ್ಲಿ ಒಬ್ರು ಬಂದು ನೋಡಿ, ಮೇಲೆ ಮಿಷನ್ ಜಾಮ್ ಆಗಿರ್ಬೇಕು ಅಂದ್ರು, ಇನ್ನೊಬ್ರು ಕಾಯಿಲ್ (ಒಳಗಿನ ತಂತಿ ಸುತ್ತು, ಅದೇ ವೈಂಡಿಂಗ್) ಹೋಗಿದೆ ರಿವೈಂಡಿಂಗ್‌ಗೆ ಕೊಡಿ ಅಂದ್ರು. ಮೋಟರ್ ಇಪ್ಪತ್ತು ಕೆಜಿ ಮೇಲೆ ಉಂಟು, ಈ ಮಳೆಯಲ್ಲಿ ಅದನ್ನ ಬಿಚ್ಚಿ ಬಸ್ಸಲ್ಲಿ ಹಾಕ್ಕೊಂಡು ಮಡಿಕೇರಿಗೆ ಹೋಗೋದು ಅಂದ್ರೆ ಸುಲಭ ಇಲ್ಲ, ನದಿ ಉಕ್ಕಿದ್ರೆ ರಸ್ತೆನೇ ಬಂದ್. ಸೆಪ್ಟೆಂಬರ್ 3ಕ್ಕೆ ನಮ್ಮ ಕೊಡಗಿನ ಕೈಲ್ ಮುಹೂರ್ತ ಹಬ್ಬ, ಬ್ಲೌಸ್ ಎಲ್ಲ ಕಟಿಂಗ್ ಆಗಿ ಕೂತಿದೆ. ಬಿಚ್ಚೋ ಮುಂಚೆ ಮನೆಯಲ್ಲೇ ಏನು ನೋಡ್ಬಹುದು ಅಂತ ಗೊತ್ತಿರೋರು ದಯವಿಟ್ಟು ಹೇಳಿ. ನನ್ನ ತಮ್ಮನ ಹತ್ರ ಮಲ್ಟಿಮೀಟರ್ ಉಂಟು, ಅವನಿಗೆ ಸ್ವಲ್ಪ ವೈರಿಂಗ್ ಕೆಲಸ ಗೊತ್ತು.

ಕುಶಾಲನಗರ ವೈಂಡಿಂಗ್ ಶಾಪ್:
ಅಕ್ಕ, ಮೊದಲು ಒಂದು ಮಾತು, ತಿರುಗದೆ ಗುಂಯ್ ಅಂತಿರೋವಾಗ ಸ್ವಿಚ್ ಹಾಕೇ ಬಿಟ್ಟಿರ್ಬೇಡಿ. ಮೂರ್ನಾಲ್ಕು ಸೆಕೆಂಡಲ್ಲಿ ಎದ್ದಿಲ್ಲ ಅಂದ್ರೆ ಆಫ್ ಮಾಡಿ. ಅರ್ಧ ಎಚ್‌ಪಿ ಸಿಂಗಲ್ ಫೇಸ್ ಮೋಟರ್ ಓಡ್ತಿರುವಾಗ ಎರಡೂವರೆ ಮೂರು ಆಂಪ್ಸ್ ತಗೊಳ್ಳುತ್ತೆ, ರೋಟರ್ (ಒಳಗೆ ತಿರುಗೋ ಭಾಗ) ನಿಂತೇ ಇದ್ರೆ ಅದರ ನಾಲ್ಕೈದು ಪಟ್ಟು ಎಳೆಯುತ್ತೆ, ಅಷ್ಟಕ್ಕೆ ನಿಮ್ಮ 16 ಆಂಪ್ಸ್ ಎಂಸಿಬಿ (ಕರೆಂಟ್ ಜಾಸ್ತಿ ಹರಿದ್ರೆ ತಾನೇ ಆಫ್ ಆಗೋ ಸ್ವಿಚ್) ಬೀಳೋದಿಲ್ಲ, ಅದು ಸುಮ್ನೆ ಕೂತಿರುತ್ತೆ ಇಲ್ಲಿ ಕಾಯಿಲ್ ಬೇಯ್ತಾ ಇರುತ್ತೆ. ನಮ್ಮ ಅಂಗಡಿಗೆ ಮಳೆಗಾಲದಲ್ಲಿ ಬರೋ ಸುಟ್ಟ ಹೊಲಿಗೆ ಮೋಟರ್‌ಗಳಲ್ಲಿ ಮುಕ್ಕಾಲು ಪಾಲು ಹೀಗೇ ಸಾಯೋದು, ಮೊದಲಿದ್ದ ಕಾಯಿಲೆ ಚಿಕ್ಕದು, ಮತ್ತೆ ಮತ್ತೆ ಸ್ವಿಚ್ ಹಾಕಿ ಹಾಕಿ ನೋಡಿದ್ರಲ್ಲಿ ವೈಂಡಿಂಗ್ ಹೋಗಿರೋದು. ನಿಮ್ಮದು ಹೋಗಿದೆ ಅಂತ ನನಗೆ ಅನ್ನಿಸ್ತಿಲ್ಲ, ಯಾಕಂದ್ರೆ ಎದ್ದ ಮೇಲೆ ಸರಿಯಾಗಿ ಓಡುತ್ತೆ ಅಂತೀರ. ಕಾಯಿಲ್ ಶಾರ್ಟ್ ಆಗಿದ್ರೆ ಓಡುವಾಗಲೂ ಗೊರಗೊರ ಅನ್ನುತ್ತೆ, ಹತ್ತು ನಿಮಿಷಕ್ಕೆ ಕೈ ಇಡೋಕಾಗದಷ್ಟು ಕಾಯುತ್ತೆ.

ಮಿಷನ್ ಜಾಮ್ ಅಂದ್ರಲ್ಲ ಅದನ್ನ ಒಂದೇ ನಿಮಿಷದಲ್ಲಿ ತೀರ್ಮಾನ ಮಾಡ್ಬಹುದು. ಕ್ಲಚ್ ಮೋಟರ್‌ಲ್ಲಿ ಮೋಟರ್ ಬೇರೆ, ಬೆಲ್ಟ್ ಪುಲ್ಲಿ ಬೇರೆ. ಸ್ವಿಚ್ ಹಾಕಿದಾಗ ಒಳಗಿನ ರೋಟರ್ ಮತ್ತೆ ಅದರ ದಪ್ಪ ಫ್ಲೈವೀಲ್ ಮಾತ್ರ ತಿರುಗ್ಬೇಕು, ಪೆಡಲ್ ಒತ್ತಿದ ಮೇಲೇ ಕ್ಲಚ್ ಪ್ಲೇಟ್ ಹೋಗಿ ಫ್ಲೈವೀಲಿಗೆ ಅಂಟಿ ಪುಲ್ಲಿ ತಿರುಗೋದು. ಅಂದ್ರೆ ಮೇಲೆ ಶಟಲ್‌ನಲ್ಲಿ ದಾರ ಎಷ್ಟೇ ಸಿಕ್ಕಿರಲಿ, ಪೆಡಲ್ ಒತ್ತದೇ ಇದ್ದಾಗ ಮೋಟರ್ ಏಳಲೇಬೇಕು. ಎದ್ದೇಳ್ತಿಲ್ಲ ಅಂದ್ರೆ ತಪ್ಪು ಮೋಟರ್‌ಲ್ಲಿದೆ, ಕರೆಂಟಲ್ಲಿದೆ, ಇಲ್ಲಾ ಕ್ಲಚ್ ಅಂಟ್ಕೊಂಡಿದೆ. ಕ್ಲಚ್ ಅಂಟಿರೋ ಅನುಮಾನ ನನಗೆ ಸ್ವಲ್ಪ ಇದೆ, ಯಾಕಂದ್ರೆ ಬೆಲ್ಟ್ ಎಳೆದ್ರೆ ಮೋಟರ್ ಏಳುತ್ತೆ ಅಂದ್ರಿ. ಕ್ಲಚ್ ಬಿಟ್ಟಿದ್ರೆ ಬೆಲ್ಟ್ ಎಳೆಯೋದ್ರಿಂದ ರೋಟರ್‌ಗೆ ಏನೂ ಆಗ್ಬಾರ್ದು. ನೀವು ಎಳೆಯುವಾಗ ಪೆಡಲ್ ಮೇಲೆ ಕಾಲಿತ್ತಾ ನೆನಪು ಮಾಡ್ಕೊಳ್ಳಿ.

ಈಗ ಮಾಡ್ಬೇಕಾದ್ದು. ಪ್ಲಗ್ ಕಿತ್ತು ಹಾಕಿ, ಸ್ವಿಚ್ ಆಫ್ ಮಾಡಿದ್ರೆ ಸಾಲದು, ಪ್ಲಗ್ಗೇ ಕೀಳಿ. ಬೆಲ್ಟ್ ತೆಗೀರಿ. ಪುಲ್ಲಿ ಕೈಯಲ್ಲಿ ತಿರುಗಿಸಿ, ಹಿಂದೆ ಫ್ಯಾನ್ ಕಡೆಯಿಂದ ರೋಟರ್ ಬೇರೆಯಾಗಿ ತಿರುಗಿಸಿ. ರೋಟರ್ ನುಣ್ಣಗೆ ತಿರುಗಿ ನಿಧಾನಕ್ಕೆ ನಿಲ್ಬೇಕು. ಗರಗರ ಅಂದ್ರೆ ಬೇರಿಂಗು. ಶಾಫ್ಟ್ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿದ್ರೆ ಆಟ ಇದ್ರೂ ಬೇರಿಂಗೇ, ಜಾಸ್ತಿ ಸವೆದ್ರೆ ರೋಟರ್ ಹೋಗಿ ಸುತ್ತಲಿನ ತಿರುಗದ ಭಾಗಕ್ಕೆ, ಅಂದ್ರೆ ಸ್ಟೇಟರಿಗೆ ಉಜ್ಜುತ್ತೆ, ಆಗಲೂ ಗುಂಯ್ ಅಂತ ನಿಲ್ಲುತ್ತೆ. ಬೇರಿಂಗ್ ನಂಬರ್ ಅದರ ಪಕ್ಕದಲ್ಲೇ ಕೆತ್ತಿರುತ್ತೆ, 6203 ಅಂತಿದ್ರೆ ಅದೇ ತನ್ನಿ, ಅದು ಒಳಗೆ 17 ಎಂಎಂ ಹೊರಗೆ 40 ಎಂಎಂ, ಬೈಕಿಗೂ ಅದೇ ನಂಬರ್ ಬರುತ್ತೆ, ಹಾಗಾಗಿ ಸ್ಪೇರ್ ಪಾರ್ಟ್ಸ್ ಅಂಗಡಿಲಿ ಕೇಳಿದ್ರೂ ಸಿಗುತ್ತೆ.

ಇದೆಲ್ಲ ಸರಿ ಇದ್ರೆ ಕೆಪಾಸಿಟರ್, ಅಂದ್ರೆ ಮೋಟರ್ ಏಳೋಕೆ ಸಹಾಯ ಮಾಡೋ ಚಿಕ್ಕ ಡಬ್ಬಿ ನೋಡಿ. ನನ್ನ ಅನುಭವದಲ್ಲಿ, ಗುಂಯ್ ಅನ್ನೋದು, ತಳ್ಳಿದ್ರೆ ಏಳೋದು, ಇದು ನೂರಕ್ಕೆ ಎಂಬತ್ತು ಭಾಗ ಕೆಪಾಸಿಟರೇ. ಸಿಂಗಲ್ ಫೇಸ್ ಮೋಟರ್‌ಗೆ ತಾನಾಗಿ ಯಾವ ಕಡೆ ತಿರುಗ್ಬೇಕು ಅಂತ ಗೊತ್ತಿಲ್ಲ, ಒಂದೇ ಕಾಯಿಲಿಗೆ ಕರೆಂಟ್ ಕೊಟ್ರೆ ಮ್ಯಾಗ್ನೆಟ್ ಮುಂದೆ ಹಿಂದೆ ಎಳೆದಾಡುತ್ತೆ ಅಷ್ಟೆ, ಆ ಎಳೆದಾಟದ ಸೌಂಡೇ ಗುಂಯ್. ಸ್ಟಾರ್ಟಿಂಗ್ ಕಾಯಿಲಿಗೆ ಕೆಪಾಸಿಟರ್ ಮೂಲಕ ಸ್ವಲ್ಪ ಮುಂಚೆ ಕರೆಂಟ್ ಹೋದಾಗ ಮಾತ್ರ ಒಂದು ದಿಕ್ಕು ಹಿಡಿಯೋದು. ಕೆಪಾಸಿಟರ್ ಸತ್ತಿದ್ರೆ ಬಲಕ್ಕೆ ತಳ್ಳಿದ್ರೆ ಬಲಕ್ಕೆ, ಎಡಕ್ಕೆ ತಳ್ಳಿದ್ರೆ ಎಡಕ್ಕೆ ಓಡುತ್ತೆ. ಅರ್ಧ ಸತ್ತಿದ್ರೆ ನಿಮ್ಮ ಥರ, ಕರೆಂಟ್ ಚೆನ್ನಾಗಿದ್ದಾಗ ಏಳುತ್ತೆ ಇಲ್ದಿದ್ರೆ ಇಲ್ಲ.

ಟೆಸ್ಟ್ ಮಾಡೋ ಮುಂಚೆ ಅದರಲ್ಲಿ ಚಾರ್ಜ್ ಉಳಿದಿರುತ್ತೆ, ಪ್ಲಗ್ ಕಿತ್ತ ಮೇಲೂ ಇರುತ್ತೆ. ಹಳೇ 60 ವ್ಯಾಟ್ ಬಲ್ಬಿನ ಹೋಲ್ಡರ್ ವೈರ್ ಎರಡು ತುದಿಗೆ ಮುಟ್ಟಿಸಿ ಇಳಿಸಿ, ಸ್ಕ್ರೂಡ್ರೈವರ್‌ಲ್ಲಿ ಶಾರ್ಟ್ ಮಾಡಿ ಕಿಡಿ ಹಾರಿಸ್ಬೇಡಿ. ಆಮೇಲೆ ಒಂದು ವೈರ್ ಬಿಚ್ಚಿ ಮೀಟರ್‌ಲ್ಲಿ ಮೈಕ್ರೋಫ್ಯಾರಡ್ ನೋಡಿ. ಮೇಲೆ ಬರೆದಿರೋದಕ್ಕಿಂತ ಹತ್ತು ಪರ್ಸೆಂಟ್ ಮೇಲೆ ಕಮ್ಮಿ ಬಂದ್ರೆ ಹೊಸದು ಹಾಕಿ, ಹೊಟ್ಟೆ ಉಬ್ಬಿದ್ರೆ ಟೆಸ್ಟೇ ಬೇಡ. ಹೊಸದು ಅದೇ ಎಂಎಫ್‌ಡಿ (ಮೈಕ್ರೋಫ್ಯಾರಡ್), 440 ವೋಲ್ಟ್ ಎಸಿ ಇರ್ಬೇಕು. ಜಾಸ್ತಿ ಎಂಎಫ್‌ಡಿ ಹಾಕಿದ್ರೆ ಜೋರು ಏಳುತ್ತೆ ಅಂತ ಕೆಲವರು ಹಾಕ್ತಾರೆ, ಏಳುತ್ತೆ ನಿಜ, ಆದ್ರೆ ಸ್ಟಾರ್ಟಿಂಗ್ ಕಾಯಿಲ್ ಕಾದು ಕಾದು ವರ್ಷದೊಳಗೆ ನಮ್ಮ ಹತ್ರ ಬರುತ್ತೆ.

ಇನ್ನೊಂದು, ಕೆಲವು ಮೋಟರ್‌ಲ್ಲಿ ಒಳಗೆ ಸೆಂಟ್ರಿಫ್ಯೂಗಲ್ ಸ್ವಿಚ್ ಇರುತ್ತೆ, ಮೋಟರ್ ಸ್ಪೀಡ್ ಹಿಡಿದ ಮೇಲೆ ಸ್ಟಾರ್ಟಿಂಗ್ ಕಾಯಿಲಿನ ಕರೆಂಟ್ ಕಡಿಯೋದು ಅದು. ಓಡ್ತಿರೋ ಮೋಟರ್ ಆಫ್ ಮಾಡಿ ಕಿವಿ ಕೊಡಿ, ನಿಲ್ಲೋ ಮುಂಚೆ ಟಕ್ ಅಂತ ಕೇಳಿದ್ರೆ ಆ ಸ್ವಿಚ್ ವಾಪಸ್ ಕೂತಿದೆ ಅಂತ. ಕೇಳದಿದ್ರೆ ಪಾಯಿಂಟಿಗೆ ಬಟ್ಟೆ ನಾರು ಕೂತಿರ್ಬಹುದು, ಹೊಲಿಗೆ ಮೋಟರ್‌ಲ್ಲಿ ಅದು ಬಹಳ ಆಗುತ್ತೆ.

ವಿರಾಜಪೇಟೆ ಟೈಲರ್:
ಮೇಲಿನವರು ಹೇಳಿದ್ದು ಸರಿ ಉಂಟು ಆದ್ರೆ ನಾನು ಮಿಷನ್ ಕಡೆಯಿಂದ ಒಂದೆರಡು ವಿಷಯ ಹೇಳ್ತೇನೆ ಅಕ್ಕ. ನಮ್ಮ ಕಡೆ ಜೂನಿಂದ ಸೆಪ್ಟೆಂಬರ್ ತನಕ ಒಂದು ವಾರ ಮಿಷನ್ ಓಡಿಸದೆ ಇಟ್ರೆ ಕ್ಲಚ್ ಪ್ಲೇಟ್ ಅಂಟ್ಕೊಳ್ತದೆ, ಅದಕ್ಕೆ ಹಾಕಿರೋ ಕಾರ್ಕ್ ತೇವ ಹಿಡಿತದೆ, ಫ್ಲೈವೀಲ್ ಮುಖದಲ್ಲಿ ತೆಳ್ಳಗೆ ತುಕ್ಕು ಬರ್ತದೆ. ಆಗ ಮೋಟರ್ ಏಳುವಾಗಲೇ ಪುಲ್ಲಿ, ಬೆಲ್ಟು, ಮೇಲಿನ ಮಿಷನ್ ಎಲ್ಲ ಸೇರಿಸಿ ಎಳಿಬೇಕು. ಪ್ಲಗ್ ತೆಗೆದು ಬೆಲ್ಟ್ ತೆಗೆದು ಪುಲ್ಲಿ ತಿರುಗಿಸುವಾಗ ಹಿಂದೆ ಫ್ಯಾನ್ ಕೂಡ ಜೊತೆಗೇ ತಿರುಗಿದ್ರೆ ಕ್ಲಚ್ ಅಂಟಿದೆ ಅಂತ ಅರ್ಥ. ಪುಲ್ಲಿ ಕಡೆ ಕವರ್ ಬಿಚ್ಚಿ, ಕಾರ್ಕಿಗೆ ಸ್ಯಾಂಡ್ ಪೇಪರ್ ಮೆಲ್ಲಗೆ ಉಜ್ಜಿ, ಫ್ಲೈವೀಲ್ ಮುಖ ಒಣ ಬಟ್ಟೆಲಿ ಒರೆಸಿದ್ರೆ ಆಯ್ತು. ಅಲ್ಲಿಗೆ ಎಣ್ಣೆ ಗ್ರೀಸ್ ಯಾವ್ದೂ ಮುಟ್ಟಿಸ್ಲಿಕ್ಕೆ ಹೋಗ್ಬೇಡಿ, ಜಾರ್ತದೆ.

ಮತ್ತೆ ಮಿಷನ್ನಿಗೆ ಯಾವ ಎಣ್ಣೆ ಹಾಕ್ತೀರಿ? ಕೇಳೋದು ಯಾಕೆ ಅಂದ್ರೆ ಹಳ್ಳಿ ಕಡೆ ಮಿಷನ್ ಎಣ್ಣೆ ಮುಗಿದ್ರೆ ತೆಂಗಿನೆಣ್ಣೆ ಬಿಡ್ತಾರೆ. ತೆಂಗಿನೆಣ್ಣೆ 24 ಡಿಗ್ರಿ ಕೆಳಗೆ ಹೋದ್ರೆ ಗಟ್ಟಿ ಆಗ್ತದೆ, ಮಂಗಳೂರಲ್ಲಿ ಅದು ಗೊತ್ತಾಗೋದಿಲ್ಲ, ನಮ್ಮಲ್ಲಿ ಆಗಸ್ಟ್ ಬೆಳಿಗ್ಗೆ ಬಾಟಲಿಯಲ್ಲೇ ಬೆಳ್ಳಗೆ ಕೂತಿರ್ತದೆ, ಮಿಷನ್ ಬುಷ್ ಒಳಗೂ ಹಾಗೇ ಕೂರ್ತದೆ. ಬೆಳಿಗ್ಗೆ ವೀಲ್ ತಿರುಗಿಸ್ಲಿಕ್ಕೆ ಬಿಗಿ, ಮಧ್ಯಾಹ್ನ ಹಗುರ ಅಂದ್ರೆ ಅದನ್ನೂ ನೋಡಿ. ಹಾಗೆ ಆಗಿದ್ರೆ ಕೆಳಗಿನ ಟ್ಯಾಂಕ್ ಎಣ್ಣೆ ಪೂರ್ತಿ ತೆಗೆದು ಒರೆಸಿ ಪವರ್ ಮಿಷನ್ನಿಗೆ ಬರೋ ಬಿಳಿ ಎಣ್ಣೆನೇ ಹಾಕಿ, ಮೇಲಿನ ಗಾಜಲ್ಲಿ ಎಣ್ಣೆ ಚಿಮ್ಮೋದು ಕಾಣ್ಬೇಕು.

ಸೋಮವಾರಪೇಟೆ ರೆಡಿಮೇಡ್:
ನಾನಾದ್ರೆ ಇಷ್ಟೆಲ್ಲ ತಲೆ ಕೆಡಿಸ್ಕೊಳ್ಳೋದಿಲ್ಲ ಮೇಡಂ, ಆ ಕ್ಲಚ್ ಮೋಟರ್ ತೆಗೆದು ಸರ್ವೋ (ಎಲೆಕ್ಟ್ರಾನಿಕ್ ಬೋರ್ಡ್ ಇರೋ ಮೋಟರ್) ಹಾಕ್ಸಿ. ನಮ್ಮ ಯೂನಿಟಲ್ಲಿ ಎಲ್ಲಾ ಚೇಂಜ್ ಮಾಡಿದ್ವಿ. ಕ್ಲಚ್ ಮೋಟರ್ ನೀವು ಹೊಲಿಲಿ ಬಿಡಲಿ ಬೆಳಿಗ್ಗೆಯಿಂದ ಸಂಜೆ ತನಕ ಓಡ್ತಾನೇ ಇರುತ್ತೆ, ನೀವು ಕಟಿಂಗ್ ಮಾಡ್ತಿದ್ರೂ ಮೀಟರ್ ತಿರುಗ್ತಾ ಇರುತ್ತೆ. ಸರ್ವೋ ಪೆಡಲ್ ಒತ್ತಿದಾಗ ಮಾತ್ರ ಕರೆಂಟ್ ತಗೊಳ್ಳೋದು, ಸೌಂಡೇ ಇಲ್ಲ, ಸ್ಪೀಡ್ ಎಷ್ಟು ಬೇಕೋ ಅಷ್ಟಕ್ಕೆ ಲಾಕ್ ಮಾಡ್ಬಹುದು, ಹೊಸದಾಗಿ ಕಲಿಯೋ ಹುಡುಗೀರಿಗೆ ಕೈಗೆ ಸೂಜಿ ಚುಚ್ಚೋ ಭಯ ಇಲ್ಲ. ತೂಕವೂ ಕಮ್ಮಿ, ಅದೇ ಟೇಬಲ್ ತೂತಿಗೆ ಫಿಟ್ ಆಗುತ್ತೆ. 550 ವ್ಯಾಟ್‌ದು ಸಾಕು, ಜೀನ್ಸು ಬ್ಯಾಗು ಹೊಲಿಯೋದಾದ್ರೆ 750 ತಗೊಳ್ಳಿ.

ಮಡಿಕೇರಿ ಎಲೆಕ್ಟ್ರಿಷಿಯನ್:
ಸರ್ವೋ ಒಳ್ಳೇದೇ, ಬೇಡ ಅನ್ನೋದಿಲ್ಲ. ಆದ್ರೆ ಈಗ ಇರೋ ರೋಗ ಏನು ಅಂತ ತಿಳಿಯದೆ ಹೊಸ ಮೋಟರ್ ಹಾಕಿದ್ರೆ ಅದೇ ರೋಗ ಅದಕ್ಕೂ ಬರ್ತದೆ. ಬೆಳಿಗ್ಗೆ ಸಂಜೆ ಏಳೋದಿಲ್ಲ ಮಧ್ಯಾಹ್ನ ಏಳ್ತದೆ ಅಂದಾಗಲೇ ನನಗೆ ಮೊದಲು ಬಂದ ಅನುಮಾನ ವೋಲ್ಟೇಜು. ಬೆಳಿಗ್ಗೆ ಎಲ್ಲರ ಮನೆ ಗೀಸರ್, ಸಂಜೆ ಲೈಟು ಹೀಟರು, ಮೇಲೆ ಮಳೆಯಲ್ಲಿ ಲೈನಿಗೆ ಕೊಂಬೆ ತಾಗ್ತಾ ಇರ್ತದೆ, ದೂರದ ಟ್ರಾನ್ಸ್‌ಫಾರ್ಮರ್ ಕೊನೇ ಮನೆ ಆದ್ರೆ ಕೇಳೋದೇ ಬೇಡ.

ವೋಲ್ಟೇಜ್ ಸ್ವಲ್ಪ ಬಿದ್ರೆ ಮೋಟರ್ ಶಕ್ತಿ ಸ್ವಲ್ಪ ಅಲ್ಲ ಬೀಳೋದು, ವರ್ಗದ ಲೆಕ್ಕದಲ್ಲಿ ಬೀಳ್ತದೆ. 230 ಇರೋ ಕಡೆ 200 ಬಂದ್ರೆ ಎಳೆಯೋ ಶಕ್ತಿ ಮುಕ್ಕಾಲು ಭಾಗ ಮಾತ್ರ ಉಳೀತದೆ, 165 ಬಂದ್ರೆ ಅರ್ಧಕ್ಕೆ ಅರ್ಧ ಹೋಯ್ತು. ಬಲ್ಬ್ ಉರೀತಾ ಉಂಟಲ್ಲ, ಟಿವಿ ಬರ್ತಾ ಉಂಟಲ್ಲ ಅಂತ ಜನ ಹೇಳ್ತಾರೆ, ಈಗಿನ ಎಲ್‌ಇಡಿ ಬಲ್ಬು 150ರಲ್ಲೂ ಅಷ್ಟೇ ಬೆಳಕು ಕೊಡ್ತದೆ, ಅದನ್ನ ನೋಡಿ ವೋಲ್ಟೇಜ್ ಸರಿ ಉಂಟು ಅನ್ಲಿಕ್ಕೆ ಆಗೋದಿಲ್ಲ.

ತಮ್ಮನಿಗೆ ಹೀಗೆ ಹೇಳಿ. ಬೆಳಿಗ್ಗೆ ಮೋಟರ್ ಏಳದ ಹೊತ್ತಲ್ಲೇ ಅಳಿಬೇಕು, ಮಧ್ಯಾಹ್ನ ಅಳೆದು ಪ್ರಯೋಜನ ಇಲ್ಲ. ಮೋಟರ್ ಆಫ್ ಇದ್ದಾಗ ಒಂದು ಸಲ, ಆನ್ ಮಾಡಿ ಗುಂಯ್ ಅನ್ನೋ ಆ ಮೂರು ಸೆಕೆಂಡಲ್ಲಿ ಇನ್ನೊಂದು ಸಲ. ಇದನ್ನ ಮಿಷನ್ ಹತ್ರದ ಪ್ಲಗ್ಗಲ್ಲೂ ನೋಡಿ, ಮನೆ ಮೈನ್ ಬೋರ್ಡಲ್ಲೂ ನೋಡಿ. ಎರಡು ಕಡೆನೂ ಒಟ್ಟಿಗೆ ಬಿದ್ರೆ ಹೊರಗಿನ ಲೈನ್ ಸಮಸ್ಯೆ, ಕರೆಂಟಿನವರಿಗೆ ಕಂಪ್ಲೇಂಟ್ ಕೊಡ್ಬೇಕು. ಮೈನ್‌ಲ್ಲಿ ಸರಿ ಇದ್ದು ಪ್ಲಗ್ಗಲ್ಲಿ ಮಾತ್ರ ಬಿದ್ರೆ ನಿಮ್ಮ ಮನೆ ವೈರಲ್ಲಿ ಅಥವಾ ಸ್ವಿಚ್ಚಲ್ಲಿ ಲೂಸ್ ಉಂಟು. ಟೇಬಲ್ ಕೆಳಗೆ ಹಸಿರು ಕೆಂಪು ಬಟನ್ ಸ್ವಿಚ್ ಇರ್ತದಲ್ಲ, ಅದನ್ನೂ ಬಿಚ್ಚಿ ಪಾಯಿಂಟ್ ಕಪ್ಪಾಗಿದ್ಯಾ ನೋಡಿ. ಲೈನ್ ಇರುವಾಗ ಮೀಟರ್ ಹಿಡಿಯೋರು ಕಾಲಿಗೆ ಚಪ್ಪಲಿ ಹಾಕ್ಕೊಂಡು, ಒಂದೇ ಕೈಯಲ್ಲಿ ಹಿಡೀಲಿ.

ಕೊನೇದಾಗಿ, ನನಗೆ ಮೋಟರ್‌ಗಿಂತ ಚಿಂತೆ ಆಗೋದು ಇದೇ. ಮಿಷನ್ ಮುಟ್ಟಿದಾಗ ಜುಮ್ ಅಂತದಾ? ಮಳೆಗಾಲದಲ್ಲಿ ವೈಂಡಿಂಗ್ ತೇವ ಹಿಡಿದ್ರೆ ಬಾಡಿಗೆ ಕರೆಂಟ್ ಸೋರ್ತದೆ, ನೀವು ಬರಿಗಾಲಲ್ಲಿ ಕಬ್ಬಿಣದ ಪೆಡಲ್ ಮೇಲೆ ಕಾಲಿಟ್ಟು ಕೂತಿರ್ತೀರ, ಕೆಳಗೆ ಬೆವರಿದ ಸಿಮೆಂಟ್ ನೆಲ. ಮೂರು ಪಿನ್ನಿನ ಪ್ಲಗ್ಗಲ್ಲಿ ಅರ್ತ್ ಪಿನ್ ಕಿತ್ತು ಹಾಕಿ ಎರಡೇ ಪಿನ್ನಲ್ಲಿ ಓಡಿಸೋರು ಎಷ್ಟೋ ಜನ. ಅರ್ತ್ ವೈರ್ ಮೋಟರ್ ಬಾಡಿಗೂ ಮಿಷನ್ ಸ್ಟ್ಯಾಂಡಿಗೂ ಹೋಗಿರ್ಬೇಕು, ಮೈನ್‌ಲ್ಲಿ 30 ಮಿಲಿ ಆಂಪ್ಸ್ ಆರ್‌ಸಿಸಿಬಿ (ಕರೆಂಟ್ ಸೋರಿದ್ರೆ ತಕ್ಷಣ ಆಫ್ ಆಗೋ ಸ್ವಿಚ್) ಇರ್ಬೇಕು. ಎಂಸಿಬಿ ವೈರ್ ಕಾಪಾಡ್ತದೆ, ಮನುಷ್ಯರನ್ನ ಕಾಪಾಡೋದು ಆರ್‌ಸಿಸಿಬಿ. ಇದೊಂದನ್ನ ಬ್ಲೌಸ್ ಆರ್ಡರ್ ಮುಗಿದ ಮೇಲೆ ನೋಡೋಣ ಅಂತ ಬಿಡ್ಬೇಡಿ ಅಕ್ಕ.

ನಾಪೋಕ್ಲು ಹೊಲಿಗೆ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್, ಇಷ್ಟು ಬಿಡಿಸಿ ಯಾರೂ ಹೇಳಿರ್ಲಿಲ್ಲ. ತಮ್ಮ ಬಂದು ಎಲ್ಲ ನೋಡಿದ. ಬೆಲ್ಟ್ ತೆಗೆದು ನೋಡಿದಾಗ ಪುಲ್ಲಿ ತಿರುಗಿಸಿದ್ರೆ ಫ್ಯಾನೂ ಜೊತೆಗೆ ತಿರುಗ್ತದೆ, ಪೂರ್ತಿ ಗಟ್ಟಿ ಅಂಟಿಲ್ಲ, ಹಿಡಿದ್ರೆ ಜಾರ್ತದೆ. ಬೇರಿಂಗ್ ಸೌಂಡ್ ಇಲ್ಲ, ಆಟನೂ ಇಲ್ಲ. ಬೆಲ್ಟ್ ಇಲ್ದೆ ಸ್ವಿಚ್ ಹಾಕಿದ್ರೂ ಬೆಳಿಗ್ಗೆ ಗುಂಯ್ ಅಂತ ನಿಂತೇ ಇತ್ತು, ಹಾಗಾಗಿ ಮೇಲಿನ ಮಿಷನ್ ಅಲ್ಲ ಅಂತ ಖಾತ್ರಿ ಆಯ್ತು. ಎಣ್ಣೆ ಬಿಳಿ ಎಣ್ಣೆನೇ ಹಾಕೋದು.

ಕೆಪಾಸಿಟರ್ ಮೇಲೆ 10 ಎಂಎಫ್‌ಡಿ ಅಂತ ಉಂಟು, ಮೀಟರ್‌ಲ್ಲಿ 5.8 ಬಂತು. ವೋಲ್ಟೇಜು ಬೆಳಿಗ್ಗೆ ಮೈನ್ ಬೋರ್ಡಲ್ಲಿ 205, ಪ್ಲಗ್ಗಲ್ಲೂ 204, ಮೋಟರ್ ಹಾಕಿದಾಗ ಮೈನ್‌ಲ್ಲಿ 198, ಪ್ಲಗ್ಗಲ್ಲಿ 168ಕ್ಕೆ ಇಳೀತು! ಮಿಷನ್ ಇಟ್ಟಿರೋದು ಹಿಂದಿನ ರೂಮಲ್ಲಿ, ಅಲ್ಲಿ ಪಾಯಿಂಟ್ ಇಲ್ಲ, ಹಾಲಿಂದ ಉದ್ದ ಎಕ್ಸ್‌ಟೆನ್ಷನ್ ಬಾಕ್ಸ್ ಎಳ್ದಿರೋದು. ಅದರ ಪ್ಲಗ್ ಪಿನ್ ಒಂದು ಕಂದು ಬಣ್ಣಕ್ಕೆ ತಿರುಗಿದೆ. ಬಾಡಿ ಜುಮ್ ಅನ್ನೋದು ಕೆಲವು ಸಲ ಉಂಟು, ಮಳೆ ಜೋರು ಇದ್ದ ದಿನ. ಈಗ ಕೆಪಾಸಿಟರ್ ಒಂದು ಹಾಕಿದ್ರೆ ಸಾಕಾ ಅಥವಾ ಇನ್ನೇನಾದ್ರೂ ನೋಡ್ಬೇಕಾ?

ಕುಶಾಲನಗರ ವೈಂಡಿಂಗ್ ಶಾಪ್:
ಚೆನ್ನಾಗಿ ಅಳೆದಿದ್ದಾರೆ ನಿಮ್ಮ ತಮ್ಮ. ಕ್ಲಚ್ ಸ್ವಲ್ಪ ಎಳೀತಿದೆ, ಕೆಪಾಸಿಟರ್ ಅರ್ಧ ಸತ್ತಿದೆ, ವೈರಲ್ಲಿ ಮೂವತ್ತು ವೋಲ್ಟ್ ಸುಡ್ತಾ ಇದೆ. ಒಂದೊಂದೇ ಆಗಿದ್ರೆ ಮೋಟರ್ ಹೇಗೋ ಎದ್ದು ಬಿಡ್ತಿತ್ತು, ಮೂರೂ ಸೇರಿ ಬೆಳಿಗ್ಗೆ ಹೊತ್ತು ಸೋಲ್ತಿದೆ. ಕೆಪಾಸಿಟರ್ ಹಾಕಿದ ತಕ್ಷಣ ಮೋಟರ್ ಏಳುತ್ತೆ ನೋಡಿ, ಆಗ ಸರಿಹೋಯ್ತು ಅಂತ ವೈರ್ ಮರೀಬೇಡಿ. ಮೂವತ್ತು ವೋಲ್ಟ್ ಎಲ್ಲಿ ಬೀಳ್ತಿದೆಯೋ ಅಲ್ಲಿ ಅಷ್ಟು ಬಿಸಿ ಆಗ್ತಿದೆ, ಪಿನ್ ಕಂದು ಆಗಿರೋದು ಅದಕ್ಕೇ, ಪಕ್ಕದಲ್ಲೇ ಬಟ್ಟೆ ರಾಶಿ ಇರುತ್ತೆ ನಿಮ್ಮಲ್ಲಿ.

ವೈಂಡಿಂಗ್ ಒಂದು ಸಲ ನೋಡೇ ಬಿಡಿ. ಮೋಟರ್ ವೈರ್ ಬಿಚ್ಚಿ ಓಮ್ಸ್‌ಲ್ಲಿ ಇಡಿ, ರನ್ನಿಂಗ್ ಕಾಯಿಲ್ ಕಮ್ಮಿ ತೋರಿಸ್ಬೇಕು, ಸ್ಟಾರ್ಟಿಂಗ್ ಜಾಸ್ತಿ, ಎರಡರ ತುದಿಗೆ ಇಟ್ರೆ ಕೂಡಿದ ಲೆಕ್ಕ ಬರ್ಬೇಕು. ಯಾವ ವೈರಿಂದಲೂ ಬಾಡಿಗೆ ಏನೂ ತೋರಿಸ್ಬಾರ್ದು. ಆದ್ರೆ ತೇವದ ಸೋರಿಕೆ ಮಲ್ಟಿಮೀಟರ್‌ಲ್ಲಿ ಕಾಣೋದಿಲ್ಲ, ಅದರ ಬ್ಯಾಟರಿ ವೋಲ್ಟೇಜ್ ಸಾಲೋದಿಲ್ಲ, 500 ವೋಲ್ಟ್ ಮೆಗ್ಗರ್ (ಸೋರಿಕೆ ಅಳೆಯೋ ಮೀಟರ್) ಬೇಕು, ಪಂಪ್‌ಸೆಟ್ ರಿಪೇರಿ ಮಾಡೋರ ಹತ್ರ ಇರುತ್ತೆ. ಒಂದು ಮೆಗಾ ಓಮ್‌ಗಿಂತ ಕಮ್ಮಿ ಬಂದ್ರೆ ಓಡಿಸ್ಬೇಡಿ. ಜುಮ್ ಅನ್ನುತ್ತೆ ಅಂದ್ರಲ್ಲ, ಮೆಗ್ಗರ್ ಸಿಗೋ ತನಕ ಕಾಯ್ಬೇಡಿ, ಈಗಲೇ ಒಣಗಿಸಿ. ಎರಡು ಕಡೆ ಕವರ್ ಬಿಚ್ಚಿ ನಾರು ಬ್ರಷ್‌ಲ್ಲಿ ಕ್ಲೀನ್ ಮಾಡಿ, ಮೋಟರ್‌ನ ರಟ್ಟಿನ ಡಬ್ಬದಲ್ಲಿಟ್ಟು ಹಳೇ ಕಾಲದ ಫಿಲಮೆಂಟ್ ಬಲ್ಬ್ 60 ವ್ಯಾಟ್‌ದು ರಟ್ಟಿಗೂ ವೈರಿಗೂ ತಾಗದ ಹಾಗೆ ತೂಗು ಹಾಕಿ, ಹಬೆ ಹೋಗೋಕೆ ಮೇಲೆ ಸ್ವಲ್ಪ ತೆರೆದಿರಿ, ಮನೇಲಿ ಯಾರಾದ್ರೂ ಎಚ್ಚರ ಇರುವಾಗ ಮಾತ್ರ. ಎಲ್‌ಇಡಿ ಬಲ್ಬಲ್ಲಿ ಕಾವು ಬರೋದಿಲ್ಲ. ಬೆಂಕಿ ಒಲೆ ಮೇಲೆ ಅಟ್ಟದಲ್ಲಿ ಇಡೋರಿದ್ದಾರೆ, ಕಾಫಿ ಮೆಣಸಿಗೆ ಅದು ಸರಿ, ಮೋಟರ್‌ಗೆ ಹೊಗೆ ಮಸಿ ಬೇಡ.

ಮಡಿಕೇರಿ ಎಲೆಕ್ಟ್ರಿಷಿಯನ್:
ಎಕ್ಸ್‌ಟೆನ್ಷನ್ ಬಿಟ್ಟು ಹಾಕಿ. ಮೈನ್‌ನಿಂದ ಹಿಂದಿನ ರೂಮಿಗೆ 2.5 ಸ್ಕ್ವೇರ್ ಎಂಎಂ ತಾಮ್ರದ ವೈರ್ ಎಳೆದು 16 ಆಂಪ್ಸ್ ಸಾಕೆಟ್ ಒಂದು ಕೊಡ್ಸಿ, ಅರ್ತ್ ಸಮೇತ. ಪೈಪ್ ಕೇಸಿಂಗಲ್ಲಿ ಗೋಡೆ ಮೇಲೇ ಹೋಗಲಿ ಪರವಾಗಿಲ್ಲ, ಮಳೆಗಾಲದಲ್ಲಿ ಗೋಡೆ ಕೊರೆಯೋದು ಬೇಡ. ಅರ್ತ್ ಕೆಲಸ ಮಾಡ್ತಾ ಉಂಟಾ ಅಂತ ಫೇಸಿಂದ ಅರ್ತಿಗೆ ಅಳೆದು ನೋಡ್ಲಿ, ಫೇಸಿಂದ ನ್ಯೂಟ್ರಲ್‌ಗೆ ಎಷ್ಟು ಬರ್ತದೋ ಹೆಚ್ಚು ಕಮ್ಮಿ ಅಷ್ಟೇ ಬರ್ಬೇಕು. ಬಾಡಿ ಜುಮ್ ಅನ್ನೋದು ನಿಲ್ಲೋ ತನಕ ಆ ಮಿಷನ್ ಹತ್ರ ಯಾರೂ ಕೂರೋದು ಬೇಡ.

198 ಮೈನ್‌ಲ್ಲಿ ಸಿಕ್ತಾ ಉಂಟು ಅಂದ್ರೆ ಸ್ಟೆಬಿಲೈಸರ್ ಈಗ ಬೇಡ. ಎರಡು ದಿನ ಬೆಳಿಗ್ಗೆ ಸಂಜೆ ಬರ್ದಿಡಿ, 180 ಕೆಳಗೆ ಹೋಗ್ತಾ ಇದ್ರೆ ಆಮೇಲೆ ನೋಡೋಣ. ತಗೊಂಡ್ರೂ ಟಿವಿ ಸ್ಟೆಬಿಲೈಸರ್ ಆಗೋದಿಲ್ಲ, ಮೋಟರ್ ಏಳುವಾಗಿನ ಕರೆಂಟ್ ತಡ್ಕೊಳ್ಳೋ ಎರಡು ಕೆವಿಎ ಆದ್ರೂ ಬೇಕು.

ಸೋಮವಾರಪೇಟೆ ರೆಡಿಮೇಡ್:
ಮೇಡಂ ಇದೆಲ್ಲ ಖರ್ಚು ಸೇರಿದ್ರೆ ಸರ್ವೋ ಅರ್ಧ ದುಡ್ಡು ಬಂತಲ್ಲ. ವೈರಿಂಗ್ ಹೇಗೂ ಮಾಡಿಸ್ಲೇಬೇಕು ಒಪ್ತೀನಿ, ಜೊತೆಗೆ ಮೋಟರ್ ಕೂಡ ಬದಲಾಯ್ಸಿ ಅಂತ ನನ್ನ ಅಭಿಪ್ರಾಯ. ನಮ್ಮಲ್ಲಿ ಹಾಕಿದ ಮೇಲೆ ಕರೆಂಟ್ ಬಿಲ್ ಕಮ್ಮಿ ಬಂದಿದೆ.

ವಿರಾಜಪೇಟೆ ಟೈಲರ್:
ನಿಮ್ಮದು ಯೂನಿಟ್, ಅಲ್ಲಿ ದಿನಾ ಮಿಷನ್ ಓಡ್ತದೆ, ವೋಲ್ಟೇಜ್ ನೋಡ್ಲಿಕ್ಕೆ ಜನ ಇದ್ದಾರೆ. ನಾಪೋಕ್ಲು ಭಾಗಮಂಡಲ ಕಡೆ ಗುಡುಗು ಮಳೆಗೆ ಸರ್ವೋ ಬೋರ್ಡ್ ಹೋದ್ರೆ ಬೋರ್ಡ್ ರಿಪೇರಿ ಮಾಡೋರು ಜಿಲ್ಲೆಯಲ್ಲಿ ಎಷ್ಟು ಜನ ಇದ್ದಾರೆ ಹೇಳಿ, ಮೈಸೂರಿಗೇ ಕಳಿಸ್ಬೇಕು. ಕ್ಲಚ್ ಮೋಟರ್ ಆದ್ರೆ ಪಂಪ್‌ಸೆಟ್ ವೈಂಡಿಂಗ್ ಮಾಡೋ ಯಾರು ಬೇಕಾದ್ರೂ ರಿಪೇರಿ ಮಾಡ್ತಾರೆ. ನನ್ನ ಹತ್ರ ಒಂದು ಸರ್ವೋ, ಒಂದು ಕ್ಲಚ್ ಎರಡೂ ಉಂಟು, ಏಪ್ರಿಲ್ ಮೇ ಗುಡುಗಲ್ಲಿ ಸರ್ವೋ ಪ್ಲಗ್ ಕಿತ್ತು ಇಡೋದೇ ಒಂದು ಕೆಲಸ. ಹೊಲಿಯೋದಕ್ಕೆ ಸರ್ವೋ ಸುಖ, ಅದರಲ್ಲಿ ಎರಡು ಮಾತಿಲ್ಲ.

ಕುಶಾಲನಗರ ವೈಂಡಿಂಗ್ ಶಾಪ್:
ನಾನೂ ಅದೇ ಹೇಳ್ಬೇಕು ಅಂತಿದ್ದೆ. ಸರ್ವೋ ಒಳಗೆ ಎಸಿನ ಮೊದಲು ಡಿಸಿ ಮಾಡ್ತಾರೆ, 230 ಬಂದ್ರೆ ಒಳಗೆ 325 ವೋಲ್ಟ್ ಡಿಸಿ ಇರುತ್ತೆ. ಕರೆಂಟ್ ಹೋಗಿ ವಾಪಸ್ ಬರುವಾಗ ಒಮ್ಮೆಲೇ 280 ಹೊಡೆದ್ರೆ ಮೊದಲು ಹೋಗೋದು ಆ ಬೋರ್ಡೇ, 165ಕ್ಕೆ ಇಳಿದ್ರೆ ಲೋ ವೋಲ್ಟೇಜ್ ಅಂತ ಎರರ್ ತೋರಿಸಿ ನಿಲ್ಲುತ್ತೆ. ಈಗ ಹಬ್ಬದ ಆರ್ಡರ್ ತಲೆ ಮೇಲಿದೆ, ಇರೋ ಮೋಟರ್ ಜೀವ ಇದೆ, ಅದನ್ನೇ ಎಬ್ಬಿಸಿ. ಹೊಸ ಲೈನ್ ಆದ ಮೇಲೆ ಬೇಸಿಗೆಯಲ್ಲಿ ದುಡ್ಡು ಒದಗಿದಾಗ ಸರ್ವೋ ಹಾಕ್ಸಿ, ಕ್ಲಚ್ ಮೋಟರ್ ಸ್ಪೇರ್ ಇರಲಿ.

ನಾಪೋಕ್ಲು ಹೊಲಿಗೆ:
ಹೊಸ ಕೆಪಾಸಿಟರ್ ಮೂರ್ನಾಡಲ್ಲೇ ಸಿಕ್ತು, 10 ಎಂಎಫ್‌ಡಿ 440 ವೋಲ್ಟ್, ಇನ್ನೂರು ರೂಪಾಯಿ ಒಳಗೇ ಆಯ್ತು. ಮೋಟರ್ ಒಣಗಿಸಿದ್ವಿ, ಕಾರ್ಕ್ ಉಜ್ಜಿದ್ವಿ, ಒಳಗಿಂದ ಒಂದು ಮುಷ್ಟಿ ನಾರು ಬಂತು. ಪಂಪ್‌ಸೆಟ್ ನೋಡೋರು ಮೆಗ್ಗರ್ ಇಟ್ಟು ಎಂಟು ಮೆಗಾ ಅಂದ್ರು. ತಮ್ಮ ಹಿಂದಿನ ರೂಮಿಗೆ ಹೊಸ ಲೈನ್ ಎಳೆದ, ಅರ್ತ್ ಕೊಟ್ಟ, ಆರ್‌ಸಿಸಿಬಿ ಕೂರಿಸಿದ. ಇವತ್ತು ಬೆಳಿಗ್ಗೆ ಗೀಸರ್ ಟೈಮಲ್ಲೇ ಹಾಕಿದ್ದು, ಸ್ವಿಚ್ ಒತ್ತಿದ ಕೂಡ್ಲೇ ಎದ್ದಿತು, ಜುಮ್ ಅನ್ನೋದು ಇಲ್ಲ! ನಿಮಗೆಲ್ಲ ಹೇಗೆ ಥ್ಯಾಂಕ್ಸ್ ಹೇಳೋದು ಗೊತ್ತಾಗ್ತಿಲ್ಲ.

ಒಂದೇ ಒಂದು ಉಳ್ಕೊಂಡಿದೆ, ಕವರ್ ಬಿಚ್ಚಿ ಹಾಕಿದ ಮೇಲೆ ಪೆಡಲ್ ಮುಟ್ಟದೇ ಇದ್ರೂ ಮಿಷನ್ ನಿಧಾನಕ್ಕೆ ತೆವಳ್ತದೆ, ಸೂಜಿ ತಾನೇ ಕೆಳಗೆ ಬರ್ತದೆ. ಇದಕ್ಕೆ ಏನು ಮಾಡೋದು?

ವಿರಾಜಪೇಟೆ ಟೈಲರ್:
ಒಳ್ಳೇದಾಯ್ತು ಅಕ್ಕ. ಮೊದಲು ವೀಲ್ ಯಾವ ಕಡೆ ತಿರುಗ್ತದೆ ನೋಡಿ, ನಿಮ್ಮ ಕಡೆಗೇ ತಿರುಗ್ಬೇಕು, ವೀಲ್ ಕಡೆಯಿಂದ ನಿಂತು ನೋಡಿದ್ರೆ ಗಡಿಯಾರಕ್ಕೆ ವಿರುದ್ಧ. ವೈರ್ ಬಿಚ್ಚಿ ಹಾಕುವಾಗ ಸ್ಟಾರ್ಟಿಂಗ್ ಕಾಯಿಲಿನ ಎರಡು ತುದಿ ಅದಲು ಬದಲಾದ್ರೆ ಮೋಟರ್ ಉಲ್ಟಾ ಓಡ್ತದೆ, ಹೊಲಿಗೆ ಹಿಡಿಯೋದಿಲ್ಲ, ಎಣ್ಣೆನೂ ಏರೋದಿಲ್ಲ. ಅದು ಸರಿ ಇದ್ರೆ ತೆವಳೋದು ಕ್ಲಚ್ ಅಡ್ಜಸ್ಟ್‌ಮೆಂಟ್ ಅಷ್ಟೆ. ಪೆಡಲಿಂದ ಮೋಟರ್ ಲಿವರಿಗೆ ಹೋಗೋ ಕಡ್ಡಿ ಗಿಡ್ಡ ಆಗಿದ್ರೆ ಲಿವರ್ ಯಾವಾಗ್ಲೂ ಅರ್ಧ ಎಳೆದೇ ಇರ್ತದೆ, ಕಡ್ಡಿ ಸ್ಕ್ರೂ ಲೂಸ್ ಮಾಡಿ, ಪೆಡಲ್ ಬಿಟ್ಟಾಗ ಲಿವರ್ ಪೂರ್ತಿ ವಾಪಸ್ ಹೋಗೋ ಹಾಗೆ ಉದ್ದ ಮಾಡಿ ಬಿಗೀರಿ. ಕಡ್ಡಿ ಬಿಚ್ಚಿ ಇಟ್ರೂ ತೆವಳಿದ್ರೆ ಲಿವರ್ ಸ್ಪ್ರಿಂಗ್ ನಟ್ಟು ಸ್ವಲ್ಪ ಬಿಗಿ ಮಾಡಿ, ಆಮೇಲೂ ನಿಲ್ಲದಿದ್ರೆ ಕವರ್ ಒಳಗೆ ಕೂತಿದ್ದು ಜಾಸ್ತಿ ಆಗಿದೆ, ಲಾಕ್ ಬೋಲ್ಟ್ ಬಿಟ್ಟು ಕೂದಲೆಳೆಯಷ್ಟು ಹೊರಗೆ ತನ್ನಿ. ಪ್ರತಿ ಸಲ ಪ್ಲಗ್ ಕಿತ್ತೇ ಮಾಡಿ, ಬೆರಳು ಪುಲ್ಲಿ ಹತ್ರ ಇರ್ತದೆ. ಬೆಲ್ಟ್ ವಾಪಸ್ ಹಾಕಿದ ಮೇಲೆ ನಡುವೆ ಬೆರಳಲ್ಲಿ ಒತ್ತಿದ್ರೆ ಒಂದು ಒಂದೂವರೆ ಸೆಂಟಿಮೀಟರ್ ಒಳಗೆ ಹೋದ್ರೆ ಸಾಕು, ತುಂಬಾ ಬಿಗಿ ಮಾಡಿದ್ರೆ ಬೇರಿಂಗ್ ತಿನ್ನುತ್ತೆ.